ಕಸದ ಹೊಗೆಯೂ ನಮ್ಮ ಹೊಣೆಯೂ

(ಶಿವಾಜಿನಗರದಲ್ಲಿ ನೆರೆದ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಮಯದಲ್ಲಿ ನಾಡಿನ ಹಿರಿಮೆ, ನುಡಿಯ ಸೊಬಗು ಇವುಗಳನ್ನು ಕುರಿತು ಬಲ್ಲವರು ಮಾತನಾಡುವುದು ವಾಡಿಕೆ. ನಾವಾದರೋ ಬ್ಯಾಂಕಿನ ಗುಮಾಸ್ತರು. ದಿನವಿಡೀ ಜಮಾ ಖರ್ಚು ನೋಡುವವರು. ಪಂಪನ ಮಾತಾಗಲಿ ಹೊಯ್ಸಳರ ಮಾತಾಗಲಿ ನಮ್ಮ ಬಾಯಲ್ಲಿ ಶೋಭಿಸಲಾರದು. ಈ ಸಂಕೋಚವನ್ನು ಕಾರ್ಯದರ್ಶಿಗಳಲ್ಲಿ ತೋಡಿಕೊಂಡಾಗ ಅವರು, "ನಿಮಗೆ ತಿಳಿದಿರುವ ವಿಷಯವನ್ನೇ ಹೇಳಿ" ಎಂದರು. ಕಳೆದ ಎರಡು ಚಳಿಗಾಲಗಳಲ್ಲಿ ನಮ್ಮ ಮೂಗಿಗೂ ಗಂಟಲಿಗೂ ಚೆನ್ನಾಗಿ ತಿಳಿದುಬಂದ ವಿಷಯ ಒಂದೇ. ಅದು ಕಸ ಸುಡುವ ಹೊಗೆ. ಹಬ್ಬದ ಹೊತ್ತಿನಲ್ಲಿ ಇದೇನು ಕಸದ ಮಾತು ಎಂದು ದಯವಿಟ್ಟು ಬೇಸರಿಸಬಾರದು. ನವೆಂಬರ್ ತಿಂಗಳು ನಮಗೆ ರಾಜ್ಯೋತ್ಸವದ ತಿಂಗಳಾಗಿರುವಂತೆಯೇ ಈ ಪುಣೆ ನಗರಕ್ಕೆ ಹೊಗೆ ಶುರುವಾಗುವ ತಿಂಗಳೂ ಆಗಿದೆ.

ನಾವು ಸೇರಿರುವ ಈ ಶಿವಾಜಿನಗರಕ್ಕೂ ಗಾಳಿಗೂ ಹಳೆಯ ನಂಟು. 1928ರಲ್ಲಿ ಭಾರತೀಯ ಹವಾಮಾನ ಇಲಾಖೆಯ ಮುಖ್ಯ ಕಚೇರಿ ಸಿಮ್ಲಾದಿಂದ ಇಲ್ಲಿಗೆ ಬಂದಿತು. ಮುಂದೆ ಮುಖ್ಯ ಕಚೇರಿ ದೆಹಲಿಗೆ ಹೋದರೂ ಆ ಕಲ್ಲಿನ ಕಟ್ಟಡಕ್ಕೆ 'ಸಿಮ್ಲಾ ಆಫೀಸ್' ಎಂಬ ಹೆಸರು ಉಳಿಯಿತು. ಬಸ್ಸಿನ ಕಂಡಕ್ಟರರೂ ಅದನ್ನೇ ಕೂಗುತ್ತಾರೆ. 2013ರಲ್ಲಿ ಪಾಷಾಣದ ಉಷ್ಣವಲಯ ಹವಾಮಾನ ಸಂಸ್ಥೆಯವರು 'ಸಫರ್' ಎಂಬ ವ್ಯವಸ್ಥೆಯನ್ನು ಪುಣೆಗೆ ತಂದು, ಗಾಳಿಯ ಗುಣವನ್ನು ಅಳೆದು ಜನರಿಗೆ ತಿಳಿಸತೊಡಗಿದರು. ಶಿವಾಜಿನಗರದಲ್ಲಿಯೂ ಅಂಥ ಅಳತೆಯ ಯಂತ್ರವಿದೆ. ಗಾಳಿಯನ್ನು ಅಳೆಯುವ ಊರಿನಲ್ಲಿಯೇ ಇದ್ದುಕೊಂಡು ಅದನ್ನು ಕೆಡಿಸುವವರು ಯಾರು ಎಂದು ನಾವು ಕೇಳಿಕೊಂಡಿರಲಿಲ್ಲ. ಕೇಳಿಕೊಳ್ಳುವಂತೆ ಮಾಡಿದವನು ಒಬ್ಬ ಕಾವಲುಗಾರ.

ನಮ್ಮ ಸೊಸಾಯಿಟಿಯ ಗೇಟಿನಲ್ಲಿ ರಾತ್ರಿ ಪಾಳಿಗೆ ಒಬ್ಬ ಮುದುಕ ಇದ್ದಾನೆ. ವಿಜಾಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಕಡೆಯವನು. ಆ ಭಾಗದಿಂದಲೂ ಕಲಬುರಗಿ, ಯಾದಗಿರಿಗಳಿಂದಲೂ ಹೊಟ್ಟೆಪಾಡಿಗಾಗಿ ಪುಣೆಗೆ ಬಂದ ಕನ್ನಡಿಗರು ಎಷ್ಟು ಮಂದಿ ಎಂಬುದು ಈ ಸಭೆಗೆ ತಿಳಿಯದ್ದಲ್ಲ. ನಮ್ಮ ಮಕ್ಕಳು ಅವನನ್ನು 'ಮುತ್ಯಾ' ಎಂದು ಕರೆಯುತ್ತಾರೆ. ನಾವೂ ಹಾಗೆಯೇ ಕರೆಯುತ್ತೇವೆ. ಒಂದು ಡಿಸೆಂಬರ್ ರಾತ್ರಿ ಹನ್ನೊಂದರ ಸುಮಾರಿಗೆ ಕಿಟಕಿಯಿಂದ ಕಮಟು ಹೊಗೆ ಒಳಗೆ ನುಗ್ಗಿತು. ಕೆಳಗಿಳಿದು ನೋಡಿದರೆ ಮುತ್ಯಾ ಗೇಟಿನ ಪಕ್ಕದಲ್ಲಿ ಬೆಂಕಿ ಹಾಕಿಕೊಂಡು ಕೈ ಕಾಸಿಕೊಳ್ಳುತ್ತಿದ್ದ. ನಾವು ಸಿಟ್ಟಿನಿಂದಲೇ, "ಮುತ್ಯಾ, ಇದನ್ನು ಮೊದಲು ಆರಿಸ್ರಿ, ಮನೆ ಮಂದಿಗೆಲ್ಲಾ ಕೆಮ್ಮು ಹತ್ತೇದ" ಎಂದೆವು. ಅವನು ಎದ್ದು ನಿಂತು, ಕೋಲಿನಿಂದ ಬೆಂಕಿಯನ್ನು ಕೆದಕಿ ತೋರಿಸಿ, "ಸಾಹೇಬ್ರ, ನಾ ಏನ್ ಮನಿಯಿಂದ ತಂದ ಸುಡಾಕತ್ತೀನೇನ್ರಿ? ನೀವ ಒಗದದ್ದನ್ನ ಸುಡಾಕತ್ತೀನ್ರಿ. ಥಂಡಿ ಭಾಳ ಐತ್ರಿ" ಎಂದ.

ಬೆಂಕಿಯೊಳಗೆ ನೋಡಿದೆವು. ಒಣಗಿದ ಎಲೆ ಸ್ವಲ್ಪ. ಉಳಿದುದೆಲ್ಲ ನಮ್ಮವೇ! ಹಾಲಿನ ಚೀಲ, ಬಿಸ್ಕತ್ತಿನ ಹೊದಿಕೆ, ಅಂಚೆಯಲ್ಲಿ ಬಂದ ಪೊಟ್ಟಣಗಳ ಪ್ಲಾಸ್ಟಿಕ್ಕು, ಥರ್ಮೋಕೋಲು, ಮುರಿದ ನೀರಿನ ಕೊಳವೆಯ ಒಂದು ತುಂಡು. ನಾವು ಮರುಮಾತಾಡದೆ ಮೇಲೆ ಬಂದೆವು. ಆ ರಾತ್ರಿ ನಿದ್ದೆ ಬರಲಿಲ್ಲ. ಹೊಗೆಯಿಂದಲೋ ಆ ಮಾತಿನಿಂದಲೋ ಹೇಳಲಾರೆವು. ಮುಂದೆ ಬಿಡುವಾದಾಗಲೆಲ್ಲ ಈ ವಿಷಯವನ್ನು ಓದಿಕೊಂಡೆವು. ಓದಿ ತಿಳಿದದ್ದನ್ನು ತಮ್ಮ ಮುಂದೆ ಇಡುತ್ತೇವೆ.

ಸುಟ್ಟರೆ ಕಸ ಇಲ್ಲವಾಗುತ್ತದೆ ಎಂಬುದು ನಮ್ಮೆಲ್ಲರ ನಂಬಿಕೆ. ಲೆಕ್ಕ ಬರೆಯುವವರಿಗೆ ಈ ನಂಬಿಕೆ ಸಲ್ಲದು. ಒಂದು ಖಾತೆಯಿಂದ ಹೋದ ಹಣ ಇನ್ನೊಂದು ಖಾತೆಯಲ್ಲಿ ಕಾಣಿಸಿಕೊಳ್ಳಲೇಬೇಕು. ಇಲ್ಲವಾದರೆ ತಾಳೆ ಬೀಳದು. ಕಸಕ್ಕೂ ಅದೇ ನ್ಯಾಯ. ಬೆಂಕಿಗೆ ಹೋದ ವಸ್ತು ಸ್ವಲ್ಪ ಬೂದಿಯ ಖಾತೆಗೆ, ಉಳಿದದ್ದು ಗಾಳಿಯ ಖಾತೆಗೆ ಸೇರುತ್ತದೆ. ಗಾಳಿಯ ಖಾತೆಯ ಪುಸ್ತಕವೆಂದರೆ ನಮ್ಮ ಪುಪ್ಪುಸಗಳೇ.

ಬಯಲಿನ ಬೆಂಕಿಯಲ್ಲಿ ಮೇಲೆ ಜ್ವಾಲೆ ಕಂಡರೂ ಒಳಗೆಲ್ಲ ಹೊಗೆಯಾಡುವ ಮಂದ ಉರಿ. ಶಾಖ ಸಾಲದು, ಗಾಳಿ ಸಾಲದು. ಆದಕಾರಣ ವಸ್ತು ಅರ್ಧಂಬರ್ಧ ಸುಟ್ಟು ಮಸಿಯೂ ವಿಷಾನಿಲವಾದ ಇಂಗಾಲದ ಮೋನಾಕ್ಸೈಡೂ ಏಳುತ್ತವೆ. ಮಸಿಯ ಕಣಗಳಲ್ಲಿ ಅತಿ ಸಣ್ಣವು ತಲೆಗೂದಲಿನ ದಪ್ಪದ ಮೂವತ್ತನೆಯ ಒಂದು ಪಾಲಿನಷ್ಟಿದ್ದು, ಮೂಗಿನ ತಡೆಯನ್ನು ದಾಟಿ ಪುಪ್ಪುಸದ ತಳಕ್ಕೆ ಇಳಿಯುತ್ತವೆ. ಇವುಗಳ ವಾರ್ಷಿಕ ಸರಾಸರಿ ಒಂದು ಘನಮೀಟರ್ ಗಾಳಿಯಲ್ಲಿ 40 ಮೈಕ್ರೋಗ್ರಾಮ್ ಮೀರಬಾರದೆಂದು ನಮ್ಮ ದೇಶದ 2009ರ ಮಾನದಂಡ ಹೇಳಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ ಕೇವಲ 5.

ಇನ್ನು ನೀರಿನ ಕೊಳವೆಯಂಥ ಪಿ.ವಿ.ಸಿ. ಪ್ಲಾಸ್ಟಿಕ್ಕಿನಲ್ಲಿ ಕ್ಲೋರಿನ್ ಇರುತ್ತದೆ. ಅದು ಸುಟ್ಟಾಗ ಹೈಡ್ರೋಕ್ಲೋರಿಕ್ ಆಮ್ಲದ ಆವಿ ಬರುತ್ತದೆ. ಜೊತೆಗೆ ಡಯಾಕ್ಸಿನ್ ಎಂಬ ಘೋರ ವಿಷಗಳ ಗುಂಪು ಹುಟ್ಟುತ್ತದೆ. ಇವು ಬೇಗ ಕರಗಿ ನಾಶವಾಗುವ ಜಾತಿಯವಲ್ಲ. ಹುಲ್ಲಿನ ಮೇಲೆ ಬಿದ್ದು, ದನದ ಕೊಬ್ಬಿಗೆ ಸೇರಿ, ಹಾಲಿನ ಮೂಲಕ ಮನುಷ್ಯನಿಗೆ ಬರುತ್ತವೆ. ಇಂಥ ವಿಷಗಳನ್ನು ತಡೆಯಲೆಂದೇ 2001ರಲ್ಲಿ ಸ್ಟಾಕ್‌ಹೋಮ್ ಒಪ್ಪಂದವಾಯಿತು. ಭಾರತವೂ 2006ರಲ್ಲಿ ಅದನ್ನು ಅನುಮೋದಿಸಿತು.

ಚಳಿಗಾಲದಲ್ಲಿ ಇದು ಹೆಚ್ಚು ಬಾಧಿಸುವುದಕ್ಕೆ ಕಾರಣವುಂಟು. ರಾತ್ರಿ ನೆಲ ಬೇಗ ತಣ್ಣಗಾಗಿ, ನೆಲಕ್ಕೆ ಹತ್ತಿದ ಗಾಳಿಯೂ ತಣ್ಣಗಾಗಿ ಭಾರವಾಗುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕುಳಿತುಬಿಡುತ್ತದೆ. ಕೆಳಗಿನ ಹೊಗೆ ಮೇಲೇರಲಾರದು. ಮುಳಾ ಮುಠಾ ನದಿಗಳ ಈ ತಗ್ಗಿನಲ್ಲಿ ಬೆಳಗಿನ ಜಾವ ಸಂಗಮದ ಸೇತುವೆಯ ಮೇಲೆ ನಿಂತು ನೋಡಿದವರಿಗೆ ಆ ಬೂದು ಪರದೆಯ ಪರಿಚಯವಿರಬೇಕು. ಮಂಜು ಎಂದುಕೊಂಡು ನಡೆದಾಡಲು ಹೋಗುತ್ತೇವೆ. ಅದರಲ್ಲಿ ಮಂಜೆಷ್ಟು, ಹಿಂದಿನ ರಾತ್ರಿಯ ಬೆಂಕಿಗಳ ಪಾಲೆಷ್ಟು?

ಹಾಗಾದರೆ ಕಸವನ್ನು ಸುಡಲೇಬಾರದೆ? ಇಲ್ಲಿ ಎರಡು ಪಕ್ಷಗಳುಂಟು. ದೊಡ್ಡ ಕುಲುಮೆ ಕಟ್ಟಿ ಸುಟ್ಟು ವಿದ್ಯುತ್ತು ಮಾಡಿದರೆ ಎಲ್ಲವೂ ಸರಿಹೋಯಿತು ಎನ್ನುವುದು ಒಂದು ಪಕ್ಷ. ಕುಲುಮೆಯ ಹೆಸರೇ ಬೇಡ ಎನ್ನುವುದು ಇನ್ನೊಂದು. ಎರಡನ್ನೂ ತೂಗಿ ನೋಡುವುದು ಉಚಿತ.

ಕಸ ಸುಡುವ ಕುಲುಮೆ ಹೊಸದಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದಲ್ಲಿ 1874ರಲ್ಲಿಯೇ ಇಂಥದೊಂದು ಎದ್ದಿತ್ತು. ನಮ್ಮ ದೇಶದಲ್ಲಿ 1987ರಲ್ಲಿ ದೆಹಲಿಯ ತಿಮಾರ್‌ಪುರದಲ್ಲಿ ಡೆನ್ಮಾರ್ಕಿನ ನೆರವಿನಿಂದ ದಿನಕ್ಕೆ 300 ಟನ್ ಕಸ ಸುಡುವ ಸ್ಥಾವರ ಕಟ್ಟಿದರು. ಅದು ಮೂರು ವಾರದಷ್ಟು ನಡೆದು ನಿಂತುಹೋಯಿತು. ಯಂತ್ರದ ದೋಷವೆನ್ನುವುದಕ್ಕಿಂತ ನಮ್ಮ ಕಸದ ಸ್ವಭಾವವೇ ಬೇರೆಯೆನ್ನಬೇಕು. ಅವರ ಬುಟ್ಟಿಯಲ್ಲಿ ಕಾಗದ ಹೆಚ್ಚು, ನಮ್ಮ ಬುಟ್ಟಿಯಲ್ಲಿ ತರಕಾರಿ ಸಿಪ್ಪೆ, ಅನ್ನ, ಧೂಳು, ಮಣ್ಣು ಹೆಚ್ಚು. ಒಂದು ಕಿಲೋ ನೀರನ್ನು ಆವಿ ಮಾಡುವುದಕ್ಕೇ 540 ಕಿಲೋಕ್ಯಾಲರಿ ಶಾಖ ಬೇಕು. ಹಸಿ ಕಸವನ್ನು ಕುಲುಮೆಗೆ ಹಾಕುವುದೆಂದರೆ ಒಲೆಗೆ ನೀರು ಸುರಿದು ಅಡಿಗೆಗೆ ಕಾದಂತೆ. ಶಾಖ ಇಳಿಯುತ್ತದೆ. ಶಾಖ ಇಳಿದರೆ ವಿಷ ಹೆಚ್ಚುತ್ತದೆ.

ಈಗ ನಮ್ಮ ನೆರೆಯಲ್ಲಿಯೇ ಇರುವುದನ್ನು ನೋಡೋಣ. 2023ರ ಆಗಸ್ಟ್ 1ರಂದು ಇದೇ ಶಿವಾಜಿನಗರದ ಪೊಲೀಸ್ ಕವಾಯತು ಮೈದಾನದ ಸಮಾರಂಭದಲ್ಲಿ ಪ್ರಧಾನಮಂತ್ರಿಗಳು ಪಿಂಪ್ರಿ ಚಿಂಚವಾಡ ಮಹಾನಗರಪಾಲಿಕೆಯ ಕಸದಿಂದ ವಿದ್ಯುತ್ ಮಾಡುವ ಸ್ಥಾವರವನ್ನು ಉದ್ಘಾಟಿಸಿದರು. ಸ್ಥಾವರವಿರುವುದು ಮೋಶಿಯಲ್ಲಿ. ಸುಮಾರು 300 ಕೋಟಿ ರೂಪಾಯಿ ವೆಚ್ಚ. ವರ್ಷಕ್ಕೆ ಸುಮಾರು ಎರಡೂವರೆ ಲಕ್ಷ ಟನ್ ಕಸ ಬಳಸುವುದೆಂದು ಅಂದು ಹೇಳಲಾಯಿತು. ಎಂದರೆ ದಿನವೊಂದಕ್ಕೆ ಏಳುನೂರು ಟನ್ನಿಗೆ ಸಮೀಪ. ನಮ್ಮ ಬಿಡದಿಯಲ್ಲಿಯೂ ಕರ್ನಾಟಕ ವಿದ್ಯುತ್ ನಿಗಮವೂ ಬೆಂಗಳೂರು ಮಹಾನಗರಪಾಲಿಕೆಯೂ ಕೂಡಿ 11.5 ಮೆಗಾವಾಟಿನ ಸ್ಥಾವರದ ಕೆಲಸ ಕೈಗೊಂಡವು. ಆದುದರಿಂದ ಇದು ಪುಣೆಯ ಕನ್ನಡಿಗರಿಗೂ ಊರಿನ ಕನ್ನಡಿಗರಿಗೂ ಸಮಾನವಾದ ಪ್ರಶ್ನೆ.

ಇಂಥ ಕುಲುಮೆಯ ಹೊಗೆಯನ್ನು ಹತೋಟಿಯಲ್ಲಿಡುವ ಬಗೆ ಹೇಗೆ? ವಿಜ್ಞಾನ ಕಲಿಯದ ನಮಗೆ ಅರ್ಥವಾದಷ್ಟನ್ನು ಹೇಳುತ್ತೇವೆ. ಕಾವಲು ಒಂದಲ್ಲ, ಸಾಲಾಗಿ ಹಲವು.

ಮೊದಲನೆಯದು ಶಾಖ ಮತ್ತು ಸಮಯ. ಕಸದಿಂದೆದ್ದ ಅನಿಲ 950 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಡಮೆಯೆಂದರೆ ಎರಡು ಸೆಕೆಂಡು ನಿಲ್ಲಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ವಿಧಿಸಿದವು. ಆಸ್ಪತ್ರೆಯ ಕಸಕ್ಕೆ ಅದೇ ವರ್ಷದ ಬೇರೆ ನಿಯಮಗಳು ಎರಡನೆಯ ಕೋಣೆಯಲ್ಲಿ 1050 ಡಿಗ್ರಿಯ ಆಸುಪಾಸು ಕೇಳಿದವು. ಎರಡು ಸೆಕೆಂಡೆಂದರೆ ನಮಗೆ ಏನೂ ಅಲ್ಲ. ಆ ಶಾಖದಲ್ಲಿ ಡಯಾಕ್ಸಿನ್ ಒಡೆದುಹೋಗುವುದಕ್ಕೆ ಅದು ಬೇಕಾದಷ್ಟು ಕಾಲ.

ಎರಡನೆಯದು ಬೇಗ ತಣಿಸುವುದು. ಒಡೆದುಹೋದ ವಿಷ ಮತ್ತೆ ಕೂಡಿಕೊಳ್ಳುವ ಜಾಗವೊಂದಿದೆ. ಅನಿಲ ತಣಿಯುತ್ತ ಸುಮಾರು 400 ಡಿಗ್ರಿಯಿಂದ 200 ಡಿಗ್ರಿಗೆ ಇಳಿಯುವಾಗ ಹಾರುಬೂದಿಯ ಮೇಲೆ ಡಯಾಕ್ಸಿನ್ ಪುನಃ ಹುಟ್ಟುತ್ತದೆ. ಆ ಹಾದಿಯನ್ನು ತಡಮಾಡದೆ ದಾಟಿಸಬೇಕು.

ಮೂರನೆಯದು ಸುಣ್ಣ ಮತ್ತು ಇದ್ದಿಲು. ಆಮ್ಲದ ಆವಿಯನ್ನು ಸುಣ್ಣ ಹೀರುತ್ತದೆ. ಹದಗೊಳಿಸಿದ ಇದ್ದಿಲ ಪುಡಿ ಪಾದರಸವನ್ನೂ ಉಳಿದ ಡಯಾಕ್ಸಿನ್ನನ್ನೂ ಹಿಡಿಯುತ್ತದೆ. ನಮ್ಮ ಅಜ್ಜಿಯರು ಗೋಡೆಗೆ ಬಳಿದ ಸುಣ್ಣವೂ ನೀರು ಸೋಸಿದ ಇದ್ದಿಲೂ ಇಲ್ಲಿಯೂ ಕೆಲಸಕ್ಕೆ ಬಂದಿರುವುದು ಸಂತೋಷದ ಸಂಗತಿ. ನಾಲ್ಕನೆಯದು ಸಾಲುಸಾಲಾಗಿ ತೂಗಿಬಿಟ್ಟ ಬಟ್ಟೆಯ ಚೀಲಗಳು. ಹಿಟ್ಟನ್ನು ವಸ್ತ್ರಗಾಳಿತ ಮಾಡುವಂತೆ ಅನಿಲವನ್ನು ಅವುಗಳ ಮೂಲಕ ಸೋಸುತ್ತಾರೆ.

ಇಷ್ಟಾದ ಮೇಲೆ ಚಿಮಣಿಯಿಂದ ಹೊರಬರುವ ಒಂದು ಘನಮೀಟರ್ ಅನಿಲದಲ್ಲಿ ಧೂಳು 50 ಮಿಲಿಗ್ರಾಮ್ ಮೀರಕೂಡದು, ಡಯಾಕ್ಸಿನ್ 0.1 ನ್ಯಾನೋಗ್ರಾಮ್ ಮೀರಕೂಡದು ಎಂದು 2016ರ ನಿಯಮ ಹೇಳಿತು. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ನ್ಯಾನೋಗ್ರಾಮ್. ಅದರ ಹತ್ತನೆಯ ಒಂದು ಭಾಗ ಇಲ್ಲಿಯ ಮಿತಿ. ಇಷ್ಟು ಸೂಕ್ಷ್ಮದ ವಿಷ, ಮುತ್ಯಾನ ಬೆಂಕಿಗೆ ಯಾವ ಚೀಲವೂ ಇಲ್ಲ, ಸುಣ್ಣವೂ ಇಲ್ಲ, ಚಿಮಣಿಯೂ ಇಲ್ಲ. ಹೊಗೆ ನೇರವಾಗಿ ಅವನ ಮುಖಕ್ಕೇ ಬಡಿಯುತ್ತದೆ.

ಆದರೂ ಕುಲುಮೆಯೊಂದೇ ಪರಿಹಾರವೆನ್ನಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಧೂಳು ಮತ್ತು ಆಮ್ಲಗಳನ್ನು ಯಂತ್ರವಿಟ್ಟು ಹಗಲಿರುಳು ಅಳೆಯಬಹುದು. ಡಯಾಕ್ಸಿನ್ ಹಾಗಲ್ಲ. ಮಾದರಿ ಹಿಡಿದು ಪ್ರಯೋಗಶಾಲೆಗೆ ಕಳಿಸಬೇಕು. ಅದು ದುಬಾರಿ, ಅದಕ್ಕೇ ಅಪರೂಪ. ವರ್ಷಕ್ಕೊಂದೆರಡು ದಿನ ಆಡಿಟರು ಬಂದು ಹೋದರೆ ಉಳಿದ ದಿನಗಳ ಲೆಕ್ಕವೂ ಶುದ್ಧವೆಂದು ಯಾವ ಬ್ಯಾಂಕಿನವನೂ ಆಣೆ ಮಾಡಲಾರ! ಕುಲುಮೆಯನ್ನು ಹೊತ್ತಿಸುವಾಗಲೂ ಆರಿಸುವಾಗಲೂ ಶಾಖ ಕಡಮೆಯಿದ್ದು ಹೊಗೆ ಹೆಚ್ಚು ಕೆಡುತ್ತದೆ. ಇನ್ನು ಬೂದಿ. ಸುಟ್ಟ ಕಸದ ತೂಕದಲ್ಲಿ ಐದನೆಯ ಒಂದರಿಂದ ನಾಲ್ಕನೆಯ ಒಂದು ಪಾಲು ಬೂದಿಯಾಗಿ ಉಳಿಯುವುದು ಸಾಮಾನ್ಯ. ಚೀಲಗಳು ಸೋಸಿ ಹಿಡಿದ ಹಾರುಬೂದಿಯಲ್ಲಿಯಂತೂ ಗಾಳಿಗೆ ಹೋಗಬೇಕಾಗಿದ್ದ ವಿಷವೆಲ್ಲ ಕೂಡಿಕೊಂಡಿರುತ್ತದೆ. ಅದನ್ನು ನೀರು ಸೋರದ ಗುಂಡಿಯಲ್ಲಿ ಕಾಪಾಡಬೇಕು. ಆ ಗುಂಡಿ ಯಾವ ಊರಿನಲ್ಲಿ?

ಈ ಪ್ರಶ್ನೆಯ ಹಿಂದೆ ಒಂದು ನೋವಿನ ಕಥೆಯಿದೆ. ಹಡಪಸರದಿಂದಾಚೆ ಸಾಸವಡದ ಹಾದಿಯಲ್ಲಿ ಉರುಳಿ ದೇವಾಚಿ, ಫುರಸುಂಗಿ ಎಂಬ ಎರಡು ಹಳ್ಳಿಗಳಿವೆ. ಹಲವು ವರ್ಷ ಪುಣೆಯ ಕಸ ಅವುಗಳ ಮಗ್ಗುಲಲ್ಲಿ ಬೆಟ್ಟವಾಗಿ ಬಿದ್ದಿತು. ಬಾವಿಯ ನೀರು ಕೆಟ್ಟಿತು, ನಾತ ನಿಲ್ಲಲಿಲ್ಲ, ಬೆಟ್ಟಕ್ಕೆ ಆಗಾಗ ಬೆಂಕಿ ಬಿದ್ದು ಹೊಗೆ ಕವಿಯಿತು. ಊರವರು ಬೇಸತ್ತು 2014ರಲ್ಲಿ ಕಸದ ಗಾಡಿಗಳನ್ನೇ ತಡೆದರು. ಆಗ ನಗರದವರಿಗೆ ಕಸ ಎತ್ತದ ಬೀದಿಯ ತೊಂದರೆ ಕಂಡಿತೇ ಹೊರತು, ಆ ಹಳ್ಳಿಯ ತಾಯಂದಿರು ಮಕ್ಕಳನ್ನು ಯಾವ ಗಾಳಿಯಲ್ಲಿ ಮಲಗಿಸುತ್ತಿದ್ದರು ಎಂಬುದು ಅಷ್ಟಾಗಿ ಕಾಣಲಿಲ್ಲ. ನಮಗೂ ಕಾಣಲಿಲ್ಲವೆಂದು ಒಪ್ಪಿಕೊಳ್ಳುತ್ತೇವೆ. ಕುಲುಮೆಯಾದರೂ ಬೆಟ್ಟವಾದರೂ ನಗರದ ಕಸವನ್ನು ಹೊರುವವರು ನಗರದಲ್ಲಿರುವುದಿಲ್ಲ. ಇಲ್ಲವೇ ಗೇಟಿನಲ್ಲಿರುತ್ತಾರೆ.

ಆದಕಾರಣ ನಮ್ಮ ಮಾತಿನ ತಿರುಳು ಇಷ್ಟೇ. ಹೊಗೆಯ ಹತೋಟಿ ಚಿಮಣಿಯ ತುದಿಯಲ್ಲಿ ಮುಗಿಯುತ್ತದೆ, ಅಡಿಗೆಮನೆಯ ಬುಟ್ಟಿಯಲ್ಲಿ ಮೊದಲಾಗುತ್ತದೆ. ಹಸಿ ಕಸವನ್ನು ಬೇರೆಯಿಟ್ಟರೆ ಕುಲುಮೆಗೆ ನೀರು ಹೋಗದು. ಕ್ಲೋರಿನ್ ಇರುವ ಪ್ಲಾಸ್ಟಿಕ್ಕನ್ನು ಬೇರೆಯಿಟ್ಟರೆ ಡಯಾಕ್ಸಿನ್ನಿಗೆ ಬೀಜವೇ ಕಡಮೆ. ಕಾಗದ, ಸೀಸೆ, ತಗಡು ಮರಳಿ ಬಳಕೆಗೆ ಹೋದರೆ ಸುಡಬೇಕಾದ ರಾಶಿಯೇ ಕರಗುತ್ತದೆ. ಮಿಕ್ಕ ಅಲ್ಪವನ್ನು, ಬೇರೆ ದಾರಿಯಿಲ್ಲದ್ದನ್ನು ಮಾತ್ರ, ಸರಿಯಾದ ಕುಲುಮೆಯಲ್ಲಿ ಸುಡಬೇಕು. ಅದರ ಅಂಕಿ ಅಂಶಗಳು ಗೇಟಿನ ಹೊರಗೆ ಎಲ್ಲರಿಗೂ ಕಾಣುವಂತೆ ಇರಬೇಕು.

ಈ ಕೆಲಸದಲ್ಲಿ ಪುಣೆ ದೇಶಕ್ಕೆ ಮಾದರಿಯಾದುದೊಂದುಂಟು. ಚಿಂದಿ ಆಯುವ ಹೆಂಗಸರು 1993ರಲ್ಲಿ 'ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ' ಎಂಬ ಸಂಘಟನೆ ಕಟ್ಟಿಕೊಂಡರು. ಅದರಿಂದ ಹುಟ್ಟಿದ 'ಸ್ವಚ್ಛ' ಸಹಕಾರಿ ಸಂಸ್ಥೆ 2008ರಲ್ಲಿ ಪುಣೆ ಮಹಾನಗರಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಮನೆಮನೆಯ ಕಸ ಎತ್ತತೊಡಗಿತು. ಮೂರು ಸಾವಿರಕ್ಕೂ ಮಿಕ್ಕ ಸದಸ್ಯರು, ಬಹುಪಾಲು ಸ್ತ್ರೀಯರು. ನಮ್ಮ ಬಾಗಿಲಿಗೆ ಬರುವ ತಾಯಿ ಬರಿಗೈಯಿಂದ ನಮ್ಮ ಬುಟ್ಟಿಯನ್ನು ಬೇರ್ಪಡಿಸುತ್ತಿದ್ದುದನ್ನು ಎಷ್ಟೋ ವರ್ಷ ನೋಡಿಯೂ ನೋಡದಂತಿದ್ದೆವು. ಮುಟ್ಟಿನ ಬಟ್ಟೆಗಳನ್ನು ಕಾಗದದಲ್ಲಿ ಸುತ್ತಿ ಕೆಂಪು ಚುಕ್ಕೆ ಇಡಿರಿ ಎಂದು ಅವರು ಕೇಳಿಕೊಂಡದ್ದು ಎಷ್ಟು ಸಣ್ಣ ಬೇಡಿಕೆ! ಅದನ್ನೂ ನಾವು ಪಾಲಿಸಿರಲಿಲ್ಲ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇವೆ. ಬೆಂಗಳೂರಿನ ಅಲ್ಮಿತ್ರಾ ಪಟೇಲರು 1996ರಲ್ಲಿ ನಗರಗಳ ಕಸವನ್ನು ಕುರಿತು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 2000ನೆಯ ಇಸವಿಯಲ್ಲಿ ದೇಶಕ್ಕೆ ಕಸದ ನಿಯಮಗಳು ಬಂದದ್ದರ ಹಿಂದೆ ಆ ಪ್ರಯತ್ನವಿದೆ. ಅದೇ ಪ್ರಕರಣದಲ್ಲಿ 2016ರ ಡಿಸೆಂಬರ್ 22ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು, ಬಯಲಿನಲ್ಲಿ ಕಸ ಸುಟ್ಟವರಿಗೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟವರಿಗೆ 25,000 ರೂಪಾಯಿ ತೆರುವಂತೆ ಆಜ್ಞೆ ಮಾಡಿತು. ನಮ್ಮ ನಾಡಿನ ನಗರದ ಮಹಿಳೆಯೊಬ್ಬರು ಇಡೀ ದೇಶದ ಬೀದಿಗಳಿಗಾಗಿ ಇಷ್ಟು ವರ್ಷ ಹೋರಾಡಿದುದು ರಾಜ್ಯೋತ್ಸವದಲ್ಲಿ ನೆನೆಯತಕ್ಕ ಸಂಗತಿಯೇ ಸರಿ. ಆದರೆ ಮುತ್ಯಾನಂಥವನು 5,000 ರೂಪಾಯಿಯನ್ನು ಎಲ್ಲಿಂದ ತರಬೇಕು? ದಂಡ ಅವನ ಮೇಲೆ ಬಿದ್ದರೆ ನ್ಯಾಯವಾಯಿತೆ?

ನಮ್ಮ ಸೊಸಾಯಿಟಿಯ ಸಭೆಯಲ್ಲಿ ಈ ಪ್ರಶ್ನೆ ಎತ್ತಿದೆವು. ಕಾವಲುಗಾರನಿಗೆ ನೋಟೀಸು ಕೊಡಿ ಎಂದರು ಕೆಲವರು. ಮೊದಲು ಕಂಬಳಿ ಕೊಡೋಣ ಎಂದೆವು ನಾವು. ಈ ಖರ್ಚನ್ನು ಯಾವ ಖಾತೆಗೆ ಹಾಕುವುದು ಎಂದು ಖಜಾಂಚಿಗಳು ಕೇಳಿದರು. ಬ್ಯಾಂಕಿನವರಾದ ನಮಗೇ ಆ ಪ್ರಶ್ನೆಗೆ ತಕ್ಷಣ ಉತ್ತರ ಹೊಳೆಯದೆ ಸಭೆಯೆಲ್ಲ ನಕ್ಕಿತು. ಕೊನೆಗೆ 'ರಿಪೇರಿ' ಖಾತೆಗೆ ಹಾಕಿದೆವು. ಗೇಟಿನ ಕೋಣೆಗೆ ಬಾಗಿಲು, ಕಿಟಕಿಗೆ ಗಾಜು, ಒಂದು ವಿದ್ಯುತ್ ಹೀಟರು, ಎರಡು ಕಂಬಳಿ, ಒಂದು ಸ್ವೆಟರು. ಹಿತ್ತಿಲ ಮೂಲೆಯಲ್ಲಿ ತಂತಿಯ ಜಾಲರಿಯಿಂದ ಎಲೆಯ ಗೂಡು ಕಟ್ಟಿದೆವು. ಒಣ ಎಲೆಯನ್ನು ಬೇಕಾದವರಿಗೆ ಕೊಡಿಸುವ 'ಬ್ರೌನ್ ಲೀಫ್' ಎಂಬ ನಾಗರಿಕರ ಬಳಗ ಇದೇ ಪುಣೆಯಲ್ಲಿರುವುದು ಆಮೇಲೆ ತಿಳಿಯಿತು. ನಮ್ಮಲ್ಲಿ ಮಿಕ್ಕ ಎಲೆಯ ಚೀಲಗಳನ್ನು ಕೈತೋಟದವರು ಬಂದು ಹೊತ್ತೊಯ್ದರು. ನಾವು ಸುಡುತ್ತಿದ್ದುದನ್ನು ಇನ್ನೊಬ್ಬರು ಬೇಡಿ ಪಡೆಯುತ್ತಾರೆಂದರೆ ನಮ್ಮ ಲೆಕ್ಕ ಎಷ್ಟು ತಪ್ಪಿತ್ತು!

ಎಲ್ಲವೂ ಸರಿಹೋಯಿತೆಂದು ಹೇಳಿದರೆ ಸುಳ್ಳಾದೀತು. ಮರುವರ್ಷದ ದೀಪಾವಳಿಯ ಮರುದಿನ ಪೊಟ್ಟಣಗಳ ರಾಶಿಗೆ ಯಾರೋ ಮತ್ತೆ ಬೆಂಕಿಯಿಟ್ಟರು. ಮುತ್ಯಾ ಅಲ್ಲ, ಮೇಲಂತಸ್ತಿನ ನಮ್ಮವರೇ ಒಬ್ಬರು. ಮುತ್ಯಾನ ಕೆಮ್ಮು ಪೂರಾ ಬಿಟ್ಟಿಲ್ಲ. ಅದು ಬೀಡಿಯದೋ ಹೊಗೆಯದೋ ವಯಸ್ಸಿನದೋ ಎಂದು ನಾವು ತೀರ್ಪು ಕೊಡಲಾರೆವು. ವೈದ್ಯರು ಹೊಗೆಯಿಂದ ದೂರವಿರಲು ಹೇಳಿದ್ದಾರೆ. ಇಷ್ಟು ವರ್ಷ ಅವನು ದೂರವಿರದಂತೆ ಮಾಡಿದ ಬೆಂಕಿಗೆ ಉರುವಲು ಒದಗಿಸಿದವರು ನಾವು. ಆ ಬಾಕಿ ನಮ್ಮ ಹೆಸರಿನಲ್ಲಿಯೇ ಇದೆ.

ಆದುದರಿಂದ ಈ ಸಭೆಯಲ್ಲಿ ಕೈಮುಗಿದು ಬೇಡುವುದು ಮೂರು ಮಾತು. ಇಂದಿನಿಂದ ಮನೆಯಲ್ಲಿ ಹಸಿ ಒಣ ಕಸಗಳನ್ನು ಬೇರೆಯಿಡೋಣ, ಕೆಂಪು ಚುಕ್ಕೆಯನ್ನು ಮರೆಯದಿರೋಣ. ನಮ್ಮ ಗೇಟಿನ ಕಾವಲುಗಾರನಿಗೆ ಚಳಿ ಬೀಳುವ ಮುನ್ನ ಬೆಚ್ಚನೆಯ ಹೊದಿಕೆಯೂ ಮುಚ್ಚಿದ ಕೋಣೆಯೂ ಇದೆಯೇ ಎಂದು ಈ ವಾರವೇ ನೋಡೋಣ. ಮೂರನೆಯದಾಗಿ, ನಮ್ಮ ಸಂಘದ ಉತ್ಸವಗಳಲ್ಲಿ ಥರ್ಮೋಕೋಲಿನ ಅಲಂಕಾರವನ್ನೂ ಪ್ಲಾಸ್ಟಿಕ್ಕಿನ ತಟ್ಟೆ ಲೋಟಗಳನ್ನೂ ಬಿಡೋಣ. ಬಾಳೆಯೆಲೆಯಲ್ಲಿ ಉಂಡವರ ಮಕ್ಕಳಿಗೆ ಇದು ಹೊಸ ಪಾಠವೇನಲ್ಲ.

ಹೊಟ್ಟೆಪಾಡಿಗಾಗಿ ನಾವು ಬಂದು ನೆಲೆಸಿದ ಊರು ಇದು. ಇದರ ಅನ್ನ ಉಂಡಿದ್ದೇವೆ, ಇದರ ನೀರು ಕುಡಿದಿದ್ದೇವೆ. ಇದರ ಗಾಳಿಯ ಲೆಕ್ಕದಲ್ಲಿ ಕನ್ನಡಿಗರ ಬಾಕಿ ಉಳಿಯಬಾರದು. ಈ ಚಳಿಗಾಲದಲ್ಲಿ ತಮ್ಮ ಕಿಟಕಿಗೆ ಹೊಗೆ ಬಂದರೆ ಕೆಳಗಿಳಿದು ಬೈಯುವ ಮೊದಲು ಒಂದು ಕ್ಷಣ ಆ ಬೆಂಕಿಯೊಳಗೆ ನೋಡಿರಿ, ಅಲ್ಲಿ ಉರಿಯುತ್ತಿರುವುದು ಯಾರ ಮನೆಯದೆಂದು.